ಸ್ಪೀಡ್‌ಸ್ಟರ್ ಪ್ರತಿಕೃತಿಗೆ ಮೂರು ಬೀಟಲ್‌ಗಳಲ್ಲಿ ಯಾವುದು? ಒಂದು ಪ್ರಕರಣ ಅಧ್ಯಯನ

ಮೇಲ್ಛಾವಣಿ ತೆರೆದ ಹಳೆಯ ಸ್ಪೋರ್ಟ್ಸ್ ಕಾರಾದ ಪೋರ್ಷೆ 356 ಸ್ಪೀಡ್‌ಸ್ಟರ್‌ನ ಅಚ್ಚಿನಲ್ಲಿ ತೆಗೆದ ಫೈಬರ್‌ಗ್ಲಾಸ್ ಬಾಡಿ ಆಗಲೇ ಕೈಸೇರಿದೆ. ಅದರಡಿಗೆ ಕೂರಿಸಲು ಫೋಕ್ಸ್‌ವ್ಯಾಗನ್ ಬೀಟಲ್ ಒಂದು ಬೇಕು. ಮಾರಾಟಕ್ಕೆ ಸಿಕ್ಕಿರುವವು ಮೂರು. ಒಂದನೆಯದು 1965ರ 1200 ಮಾದರಿ: ಬಾಡಿ ತುಕ್ಕು ತಿಂದಿದೆ, ಎಂಜಿನ್‌ನಲ್ಲಿ ಕಸುವಿಲ್ಲ. ಎರಡನೆಯದು 1972ರ 1302 ಎಸ್: ಬಣ್ಣ ಹೊಳೆಯುತ್ತಿದೆ, 1600 ಎಂಜಿನ್ ಕೀಲಿ ತಿರುಗಿಸಿದ ಕೂಡಲೇ ಚಾಲೂ ಆಗುತ್ತದೆ, ಮುಂದೆ ಡಿಸ್ಕ್ ಬ್ರೇಕ್ ಇದೆ. ಮೂರನೆಯದು 1970ರ 1500: ಎಂಜಿನ್ ಜಾಮ್ ಆಗಿದೆ, ನೆಲದ ಒಂದು ಮೂಲೆ ತೂತು, ಆದರೆ ಬ್ರೇಕ್, ವೈರಿಂಗ್ ಎಲ್ಲ ನಂತರದ ಕಾಲದ್ದು. ಕಾರನ್ನು ಹೆಚ್ಚಾಗಿ ರಜಾದಿನಗಳಲ್ಲಿ ಇಬ್ಬರು ಕೂತು ಓಡಿಸುವ ಉದ್ದೇಶ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿರಾಳವಾಗಿ ಸಾಗಬೇಕು, ನೋಟ ಮೂಲಕ್ಕೆ ಹತ್ತಿರವಿರಬೇಕು.

ಬಹುತೇಕರ ಕೈ ಎರಡನೆಯದರತ್ತ ಹೋಗುತ್ತದೆ. ಈ ಪ್ರಕರಣದಲ್ಲಿ ಸರಿಯಾದ ಆಯ್ಕೆ ಒಂದನೆಯದು. ಪ್ರತಿಕೃತಿ ಕಟ್ಟುವಾಗ ಬೇಸ್ ಕಾರಿನ ಬಾಡಿ ಗುಜರಿಗೆ ಹೋಗುತ್ತದೆ, ಎಂಜಿನ್ ನಾಲ್ಕು ಬೋಲ್ಟ್ ಬಿಚ್ಚಿದರೆ ಹೊರಗೆ ಬರುತ್ತದೆ. ಕೊನೆಯವರೆಗೂ ಉಳಿಯುವುದು ಫ್ಲೋರ್‌ಪ್ಯಾನ್ (ಬಾಡಿಯನ್ನು ಹೊರುವ ಉಕ್ಕಿನ ನೆಲ, ಮುಂದೆ ಬರಿದೇ ಪ್ಯಾನ್), ಚಕ್ರಗಳ ನಡುವಿನ ಅಗಲ ಮತ್ತು ದಾಖಲೆ ಪತ್ರ. ಆಯ್ಕೆ ಮಾಡಬೇಕಾದ್ದು ಈ ಮೂರನ್ನು ನೋಡಿ.

ಬೀಟಲ್ ಏಕೆ ಎಂಬುದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. 1948ರಲ್ಲಿ ಹುಟ್ಟಿದ 356 ಬೆಳೆದದ್ದೇ ಫೋಕ್ಸ್‌ವ್ಯಾಗನ್ ಭಾಗಗಳ ಮೇಲೆ. ಹಿಂದೆ ಗಾಳಿಯಿಂದ ತಣಿಯುವ ಬಾಕ್ಸರ್ ಎಂಜಿನ್, ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸಲಾಕೆ) ಸಸ್ಪೆನ್ಷನ್, ಸ್ವಿಂಗ್ ಆ್ಯಕ್ಸಲ್ (ಗೇರ್‌ಬಾಕ್ಸ್ ಬದಿಯಲ್ಲಿ ಮಾತ್ರ ಬಾಗಿ ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುವ ಆ್ಯಕ್ಸಲ್) ಎಲ್ಲವೂ ಎರಡರಲ್ಲೂ ಒಂದೇ ಜಾತಿಯವು. ದೊಡ್ಡ ವ್ಯತ್ಯಾಸ ವೀಲ್‌ಬೇಸ್‌ನದು, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರದ್ದು: ಬೀಟಲ್‌ಗೆ 2400 ಮಿ.ಮೀ., 356ಕ್ಕೆ 2100. ಹಾಗಾಗಿ ಬೀಟಲ್ ಪ್ಯಾನ್ ಅನ್ನು ಕತ್ತರಿಸಿ ಕುಗ್ಗಿಸಬೇಕು. ಫೋಕ್ಸ್‌ವ್ಯಾಗನ್‌ನ ಇನ್ನೊಂದು ಕಾರಾದ ಕಾರ್ಮನ್ ಗಿಯಾದ ವೀಲ್‌ಬೇಸ್ ಬೀಟಲ್‌ನಷ್ಟೇ ಇದ್ದರೂ ಅದರ ಫ್ಲೋರ್‌ಪ್ಯಾನ್ ಅಗಲ, ಬೀಟಲ್ ಪ್ಯಾನ್‌ಗೆಂದು ಮಾಡಿದ ಬಾಡಿ ಅದಕ್ಕೆ ಕೂರುವುದಿಲ್ಲ. ಅದೇ ಕಂಪನಿಯ ಟೈಪ್ 3 ಕಾರಿನ ಪ್ಯಾನ್, ಮುಂದಿನ ಬೀಮ್ (ಮುಂದಿನ ಸಸ್ಪೆನ್ಷನ್ ಹಿಡಿಯುವ ಅಡ್ಡ ಕೊಳವೆಗಳು) ಎರಡೂ ಬೇರೆ. ಈ ಎರಡು ಕಾರುಗಳನ್ನೂ ಪಟ್ಟಿಯಿಂದ ಕೈಬಿಡಬಹುದು. ಬಾಡಿ ಗಟ್ಟಿಮುಟ್ಟಾಗಿರುವ ಹಳೆಯ ಬೀಟಲ್ ಸಿಕ್ಕರೆ, ಅದರಲ್ಲೂ 1950ರ ದಶಕದ ಓವಲ್ ಕಿಟಕಿಯದಾದರೆ, ಅದಕ್ಕೆ ದಯವಿಟ್ಟು ಗರಗಸ ಹಾಕಬೇಡಿ. ಅದನ್ನು ಬೀಟಲ್ ಆಗಿಯೇ ಉಳಿಸುವವರು ಇದ್ದಾರೆ. ನಮ್ಮ ಕೆಲಸಕ್ಕೆ ಬಾಡಿ ಕೊಳೆತು ನೆಲ ಉಳಿದಿರುವ ಕಾರೇ ಸಾಕು.

ಮೊದಲು ಬಾಡಿಯ ಅಳತೆ, ಆಮೇಲೆ ಕಾರು

ಕಾರು ನೋಡಲು ಹೊರಡುವ ಮುನ್ನ ಫೈಬರ್ ಬಾಡಿಯನ್ನು ಅಳೆಯಬೇಕು. ಬಿಡಿ ಶೆಲ್ ಬಳುಕುತ್ತದೆ. ನೆಲದ ಮೇಲೆ ಹಾಗೇ ಇಟ್ಟು ಅಳೆದರೆ ಬಾಗಿಲ ಬಳಿ ಅಗಲವಾಗಿ ತಪ್ಪು ಲೆಕ್ಕ ಕೊಡುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು, ಎರಡೂ ಬಾಗಿಲ ಕಂಡಿಗೆ ಅಡ್ಡಪಟ್ಟಿ ಬಿಗಿದು, ಬಾಗಿಲು ಕೂರಿಸಿ ಸಂದು ಸರಿಯಿದೆಯೇ ನೋಡಿ. ಆಮೇಲೆ ಮೂರು ಅಳತೆ ತೆಗೆಯಿರಿ: ಮುಂದಿನ ಮತ್ತು ಹಿಂದಿನ ಚಕ್ರದ ಕಮಾನುಗಳ ಮಧ್ಯಬಿಂದುಗಳ ನಡುವಿನ ದೂರ, ಮುಂದಿನ ಎರಡು ಕಮಾನುಗಳ ಒಳ ಅಂಚಿನಿಂದ ಒಳ ಅಂಚಿಗೆ, ಹಿಂದಿನ ಎರಡಕ್ಕೂ ಹಾಗೆಯೇ.

ಈ ಬಾಡಿಯಲ್ಲಿ ಉದ್ದದ ಅಳತೆ ಎಡಕ್ಕೆ 2104, ಬಲಕ್ಕೆ 2106. ಅಂದರೆ ಪ್ಯಾನ್‌ನಿಂದ ತೆಗೆಯಬೇಕಾದ್ದು 295 ಮಿ.ಮೀ., ಪುಸ್ತಕದ ಲೆಕ್ಕದ 300 ಅಲ್ಲ. ಕೆಲವು ತಯಾರಕರ ಅಚ್ಚು ಇನ್ನೂ ಉದ್ದವಿರುತ್ತದೆ, ಕೆಲವರದು ಪ್ಯಾನ್ ಕತ್ತರಿಸುವ ಅಗತ್ಯವೇ ಬಾರದಂತೆ ಬಾಡಿಯನ್ನೇ ಹಿಗ್ಗಿಸಿ ಮಾಡಿದ್ದು. ಕೈಯಲ್ಲಿರುವ ಬಾಡಿಯ ಅಳತೆಯೇ ಕೊನೆಯ ಮಾತು. ಕಮಾನುಗಳ ಒಳ ಅಗಲ ಮುಂದೆ 1530, ಹಿಂದೆ 1540.

ಟ್ರ್ಯಾಕ್ ಅಂದರೆ ಎಡ ಬಲ ಟೈರುಗಳ ನಡುಗೆರೆಗಳ ನಡುವಿನ ದೂರ. ಅದಕ್ಕೆ ಒಂದು ಟೈರಿನ ಅಗಲ ಕೂಡಿಸಿದರೆ ಹೊರ ಅಂಚಿನಿಂದ ಹೊರ ಅಂಚಿನ ಅಳತೆ ಸಿಗುತ್ತದೆ. ಟೈರ್ 165 ಮಿ.ಮೀ. ಎಂದುಕೊಳ್ಳಿ. 1965ರ ಕಾರಿನ ಮುಂದಿನ ಟ್ರ್ಯಾಕ್ 1305, ಹಿಂದಿನದು 1290ರ ಹತ್ತಿರ. ಹಾಗಾಗಿ ಮುಂದೆ ಪ್ರತಿ ಬದಿಗೆ 30 ಮಿ.ಮೀ., ಹಿಂದೆ 42 ಮಿ.ಮೀ. ಜಾಗ ಉಳಿಯುತ್ತದೆ. 1967ರ ಮಾದರಿಯಿಂದ ಬೀಟಲ್‌ನ ಹಿಂದಿನ ಆ್ಯಕ್ಸಲ್ ಉದ್ದವಾಗಿ, ಟ್ರ್ಯಾಕ್ 1350ರ ಆಸುಪಾಸಿಗೆ ಬಂತು. 1970ರ ಕಾರಿನಲ್ಲಿ ಲೆಕ್ಕ ಹಾಕಿದರೆ ಹಿಂದೆ ಉಳಿಯುವುದು ಬದಿಗೆ 12 ಮಿ.ಮೀ. ಮಾತ್ರ. ಫೈಬರ್ ಬಾಡಿ ಎರಡೂ ಬದಿಗೆ ಕರಾರುವಾಕ್ಕಾಗಿ ಒಂದೇ ಸಮ ಇರುವುದು ಅಪರೂಪ. ಐದಾರು ಮಿ.ಮೀ. ಅತ್ತಿತ್ತ ಆದರೂ ಒಂದು ಕಡೆ ಟೈರು ಅಂಚಿಗೆ ತಾಗುತ್ತದೆ. ಮೂಲ 356 ಎ ಕಾರಿನ ಹಿಂದಿನ ಟ್ರ್ಯಾಕ್ 1272 ಎಂಬುದನ್ನು ನೆನೆದರೆ ಹಳೆಯ ಬೀಟಲ್ ಏಕೆ ಚೆನ್ನಾಗಿ ಹೊಂದುತ್ತದೆ ಎಂದು ತಿಳಿಯುತ್ತದೆ.

ಇಲ್ಲಿ ಸುಲಭವಾಗಿ ಆಗುವ ತಪ್ಪೊಂದಿದೆ. ಸ್ವಿಂಗ್ ಆ್ಯಕ್ಸಲ್ ಕಾರಿನಲ್ಲಿ ಎತ್ತರ ಬದಲಾದರೆ ಟ್ರ್ಯಾಕ್ ಕೂಡ ಬದಲಾಗುತ್ತದೆ. ಬಾಡಿ ಕಳಚಿದ ಮೇಲೆ ಭಾರ ಇಳಿದು ಹಿಂಭಾಗ ಮೇಲೇಳುತ್ತದೆ, ಚಕ್ರಗಳ ಬುಡ ಒಳಗೆ ಸರಿಯುತ್ತದೆ, ಟೇಪು ಕಡಿಮೆ ತೋರಿಸುತ್ತದೆ. ಆ ಅಳತೆ ನಂಬಿ ಚಕ್ರ ತರಿಸಿದರೆ ಕಾರು ಸರಿಯಾದ ಎತ್ತರಕ್ಕೆ ಇಳಿದಾಗ ಚಕ್ರ ಹೊರಗೆ ಬಂದಿರುತ್ತದೆ. ಆದ್ದರಿಂದ ಬಾಡಿ ಇರುವಾಗಲೇ, ಕಾರನ್ನು ನಾಲ್ಕಾರು ಮೀಟರ್ ಉರುಳಿಸಿ ಸಸ್ಪೆನ್ಷನ್ ಸಹಜವಾಗಿ ಕೂತ ಮೇಲೆ ಅಳೆಯಿರಿ.

ಹೊಳೆಯುವ ಕಾರನ್ನು ಬಿಟ್ಟದ್ದೇಕೆ

1302 ಸರಣಿ 1970ರ ಆಗಸ್ಟ್‌ನಲ್ಲಿ ಬಂತು. ಇದರ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಕೂಡಿರುವ ಬಗೆ. ಹಳೆಯ ಬೀಟಲ್‌ನಲ್ಲಿ ಅಡ್ಡಲಾಗಿ ಎರಡು ಕೊಳವೆಗಳಿರುವ ಬೀಮ್ ಫ್ಲೋರ್‌ಪ್ಯಾನ್‌ನ ಮೂತಿಗೆ ನಾಲ್ಕು ಬೋಲ್ಟ್‌ಗಳಿಂದ ಬಿಗಿದಿರುತ್ತದೆ. ಮುಂಭಾಗದ ಇಡೀ ಭಾರವನ್ನು ಹೊರುವುದು ಪ್ಯಾನೇ. ಸ್ಟ್ರಟ್ ಹಾಗಲ್ಲ, ಅದರ ಮೇಲ್ತುದಿ ಉಕ್ಕಿನ ಬಾಡಿಯ ಒಳ ಮಡ್‌ಗಾರ್ಡ್‌ಗೆ ಬಿಗಿದಿರುತ್ತದೆ. ಬಾಡಿ ಎತ್ತಿದ ಕೂಡಲೇ ಸ್ಟ್ರಟ್‌ಗೆ ಆಧಾರವೇ ಇರುವುದಿಲ್ಲ. ಫೈಬರ್ ಬಾಡಿಯಲ್ಲಿ ಅದನ್ನು ಬಿಗಿಯಲು ಗಟ್ಟಿ ಜಾಗವಿಲ್ಲ. ಪ್ಯಾನ್‌ನ ಮೂತಿ ಕತ್ತರಿಸಿ ಬೀಮ್ ಹಿಡಿಯುವ ಮೂತಿಯನ್ನು ಬೆಸೆಯುವುದು ಸಾಧ್ಯ. ಆದರೆ ಒಂದೇ ಪ್ಯಾನ್‌ನಲ್ಲಿ ನಡುವೆ ಒಂದು, ಮೂತಿಯಲ್ಲಿ ಒಂದು ಬೆಸುಗೆ ಬಂದರೆ ಜಾಮೆಟ್ರಿ ಉಳಿಸಿಕೊಳ್ಳುವುದು ಬಹಳ ಕಷ್ಟ. ವೀಲ್‌ಬೇಸ್ ಕೂಡ 2420, ಉಳಿದವುಗಳಿಗಿಂತ 20 ಮಿ.ಮೀ. ಹೆಚ್ಚು.

ಗುರುತಿಸುವುದು ಸುಲಭ. ಮುಂದಿನ ಡಿಕ್ಕಿ ತೆರೆದರೆ ಸ್ಪೇರ್ ಚಕ್ರ ಅಡ್ಡಡ್ಡ ಮಲಗಿರುತ್ತದೆ, ಬೀಮ್ ಇರುವ ಕಾರಿನಲ್ಲಿ ಅದು ಮೂತಿಗೊರಗಿ ನಿಂತಿರುತ್ತದೆ. ಸಂಶಯವಿದ್ದರೆ ಕೆಳಗೆ ಬಗ್ಗಿ ನೋಡಿ: ಅಡ್ಡ ಕೊಳವೆಗಳು ಕಾಣಿಸದಿದ್ದರೆ ಆ ಕಾರು ಬೇಸ್ ಆಗಿ ಬೇಡ.

ಇದರ ಒಂದು ಗುಣ ನಿಜವಾಗಿಯೂ ಆಸೆ ಹುಟ್ಟಿಸುವಂಥದ್ದು. 1302ರ ಹಿಂದಿನ ಸಸ್ಪೆನ್ಷನ್‌ನಲ್ಲಿ ಪ್ರತಿ ಆ್ಯಕ್ಸಲ್‌ಗೂ ಎರಡು ಸಿ.ವಿ. ಜಾಯಿಂಟ್ (ಬಾಗಿದಾಗಲೂ ಸಮನಾಗಿ ತಿರುಗುವ ಕೀಲು) ಇರುತ್ತದೆ, ಸ್ವಿಂಗ್ ಆ್ಯಕ್ಸಲ್‌ನ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವಿಕೆ) ತೊಂದರೆ ಇಲ್ಲ. ಈ ಏರ್ಪಾಡು ಅಮೆರಿಕಕ್ಕೆ ಹೋದ ಸಾಮಾನ್ಯ ಬೀಟಲ್‌ಗಳಲ್ಲೂ 1969ರಿಂದ ಬಂತು, ಬೇರೆ ಮಾರುಕಟ್ಟೆಗಳ ಸಾಮಾನ್ಯ ಬೀಟಲ್‌ಗಳು ಆಮೇಲೂ ಸ್ವಿಂಗ್ ಆ್ಯಕ್ಸಲ್‌ನಲ್ಲೇ ಮುಂದುವರಿದವು. ಹಾಗಾಗಿ ವರ್ಷ ಕೇಳಿ ನಿರ್ಧರಿಸಬೇಡಿ. ಗೇರ್‌ಬಾಕ್ಸ್‌ನಿಂದ ಚಕ್ರದವರೆಗೆ ದಪ್ಪ ಕೊಳವೆ ಹೋಗಿ ರಬ್ಬರ್ ಬೂಟ್ ಗೇರ್‌ಬಾಕ್ಸ್ ಬದಿಗೆ ಮಾತ್ರ ಇದ್ದರೆ ಸ್ವಿಂಗ್ ಆ್ಯಕ್ಸಲ್. ತೆಳು ಶಾಫ್ಟ್‌ನ ಎರಡೂ ತುದಿಗೆ ಬೂಟ್ ಇದ್ದರೆ ಹೊಸ ಬಗೆ.

ಮೂರನೆಯ ಕಾರಿನ ತೂತು, ಒಂದನೆಯ ಕಾರಿನ ನೆಲ

1970ರ ಕಾರಿನ ತೂತು ಎಲ್ಲಿದೆ ಎಂಬುದನ್ನು ನೋಡಬೇಕು. ಬೀಟಲ್‌ನ ಬ್ಯಾಟರಿ ಹಿಂದಿನ ಸೀಟಿನಡಿ ಬಲಗಡೆ ಕೂರುತ್ತದೆ. ಆಸಿಡ್ ಚೆಲ್ಲಿ ಆ ಮೂಲೆ ಕೊಳೆಯುವುದು ಈ ಕಾರುಗಳಲ್ಲಿ ಸರ್ವೇಸಾಮಾನ್ಯ. ಇದು ದೊಡ್ಡ ದೋಷವೇನಲ್ಲ. ಪ್ಯಾನ್ ಕುಗ್ಗಿಸುವಾಗ ಎರಡೂ ಬದಿಯ ತಗಡನ್ನು ಹೇಗೂ ಕತ್ತರಿಸಬೇಕು, ಹೊಸ ಅರ್ಧ ತಗಡುಗಳೂ ದೊರೆಯುತ್ತವೆ. ಬದಲಾಯಿಸಲು ಕಷ್ಟವಾದವು ಮೂರು ಜಾಗ: ನಡುವಿನ ಟನಲ್ (ಪ್ಯಾನ್ ಉದ್ದಕ್ಕೂ ಸಾಗುವ ಉಬ್ಬು ಪೆಟ್ಟಿಗೆ), ಮುಂದಿನ ಬೀಮ್ ಹಿಡಿಯುವ ಮೂತಿ, ಹಿಂದಿನ ಟಾರ್ಷನ್ ಬಾರ್‌ನ ಅಡ್ಡ ಕೊಳವೆ ಮತ್ತು ಅಲ್ಲಿಂದ ಹೊರಟು ಗೇರ್‌ಬಾಕ್ಸ್ ಹಿಡಿಯುವ ಎರಡು ಕೊಂಬು. ದಪ್ಪ ಸ್ಕ್ರೂಡ್ರೈವರ್‌ನ ಹಿಡಿಯಿಂದ ಇವುಗಳ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಎನ್ನುವ ಶಬ್ದ, ಕೊಳೆತಲ್ಲಿ ಮಂಕು ಶಬ್ದ. ಮಂಕಾದಲ್ಲಿ ಸ್ಕ್ರೂಡ್ರೈವರ್‌ನ ಮೊನೆಯಿಂದ ಒತ್ತಿ ನೋಡಿ. ಮೂತಿಯ ಕೆಳ ತಗಡು ಎರಡು ಪದರ, ನಡುವೆ ನೀರು ನಿಂತು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ. ಕೊಂಬುಗಳ ಬುಡದಲ್ಲಿ ಕೂದಲೆಳೆಯ ಬಿರುಕು ಹುಡುಕಬೇಕು, ಅದಕ್ಕೆ ಗ್ರೀಸು ಮಣ್ಣು ಒರೆಸದೆ ದಾರಿಯಿಲ್ಲ.

1965ರ ಕಾರಿನಲ್ಲಿ ಕೊಳೆತದ್ದು ಬಾಗಿಲ ಕೆಳಗಿನ ಹೀಟರ್ ಚಾನೆಲ್, ಅಂದರೆ ಬಿಸಿ ಗಾಳಿ ಒಯ್ಯುವ ಉಕ್ಕಿನ ಪೆಟ್ಟಿಗೆ. ಬೀಟಲ್ ಆಗಿ ಉಳಿಸುವವರಿಗೆ ಇದು ದೊಡ್ಡ ಖರ್ಚಿನ ಕೆಲಸ, ಮಾರುವವರು ಬೆಲೆ ಇಳಿಸುವುದೂ ಇದಕ್ಕೇ. ಆದರೆ ಹೀಟರ್ ಚಾನೆಲ್ ಬಾಡಿಯ ಭಾಗ, ಬಾಡಿಯ ಜೊತೆಗೇ ಹೋಗುತ್ತದೆ. ಪ್ರತಿಕೃತಿ ಕಟ್ಟುವವರಿಗೆ ಇದರಿಂದ ಲಾಭವೇ. ಒಂದು ಎಚ್ಚರ ಬೇಕು: ಬೀಟಲ್ ಪ್ಯಾನ್‌ಗೆ ತಿರುಚುವಿಕೆ ತಡೆಯುವ ಬಲ ಬಹುಪಾಲು ಬರುವುದು ಈ ಚಾನೆಲ್‌ಗಳಿಂದ ಮತ್ತು ಮೇಲ್ಛಾವಣಿಯಿಂದ. ತೆರೆದ ಫೈಬರ್ ಬಾಡಿ ಎರಡನ್ನೂ ಕೊಡುವುದಿಲ್ಲ. ಹೀಗಾಗಿ ಬಾಡಿಯ ಜೊತೆ ಎರಡೂ ಬದಿಗೆ ಉಕ್ಕಿನ ಬಾಕ್ಸ್ ಟ್ಯೂಬ್ ಚೌಕಟ್ಟು ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದಿಲ್ಲದೆ ಕಟ್ಟಿದ ಕಾರಿನಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಬಾಗಿಲ ಮೂಲೆಯಲ್ಲಿ ಜೆಲ್‌ಕೋಟ್ (ಫೈಬರ್‌ನ ಹೊರಪದರ) ಬಿರಿಯುತ್ತದೆ.

ಚಾಸಿ ನಂಬರನ್ನು ಹಿಂದಿನ ಸೀಟಿನಡಿ, ಟನಲ್ ಮೇಲೆ ಕೊರೆದಿರುತ್ತಾರೆ. ಒಂದನೆಯ ಕಾರಿನಲ್ಲಿ ಅದು ಸ್ಪಷ್ಟವಾಗಿದೆ, ಪತ್ರದೊಂದಿಗೆ ಒಂದೊಂದು ಅಂಕಿಯೂ ಹೊಂದುತ್ತದೆ. ತುಕ್ಕು ತಿಂದು ಓದಲಾಗದ ನಂಬರಿನ ಕಾರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. ಚಾಸಿ ಕುಗ್ಗಿಸಿದರೆ ಹಳೆಯ ನೋಂದಣಿ ಉಳಿಯುತ್ತದೆಯೇ, ಹೊಸ ವಾಹನವೆಂದು ತಪಾಸಣೆ ಮಾಡಿಸಬೇಕೇ ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ. ನೋಂದಣಿ ಕಚೇರಿಯಿಂದ ಲಿಖಿತ ಉತ್ತರ ಪಡೆಯುವವರೆಗೆ ಪ್ಯಾನ್‌ಗೆ ಗರಗಸ ತಾಗಿಸಬೇಡಿ.

ಹಳೆಯ ಕಾರಿನ ಕೊರತೆಗಳು

1965ರ ಕಾರಿನ ಮುಂದಿನ ಬೀಮ್ ಕಿಂಗ್‌ಪಿನ್ ಮತ್ತು ಲಿಂಕ್‌ಪಿನ್ ಬಗೆಯದು, 1966ರ ಮಾದರಿಯಿಂದ ಬಾಲ್ ಜಾಯಿಂಟ್ ಬಂತು. ಎರಡರ ಬೀಮ್‌ಗಳನ್ನು ನೇರವಾಗಿ ಅದಲುಬದಲು ಮಾಡಲಾಗದು. ಲಿಂಕ್‌ಪಿನ್‌ಗೆ ಗ್ರೀಸ್ ತಪ್ಪಬಾರದು, ಆದರೆ ಸವೆದರೆ ರಿಪೇರಿ ಮಾಡಿ ಶಿಮ್ (ತೆಳು ಬಿಲ್ಲೆ) ಹಾಕಿ ಸರಿಪಡಿಸಬಹುದು. ಚಕ್ರವನ್ನು ಜಾಕ್ ಮೇಲೆತ್ತಿ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಒತ್ತಿದಾಗ ಆಟ ಹೋದರೆ ಸವೆದದ್ದು ವೀಲ್ ಬೇರಿಂಗ್, ಆಗಲೂ ಉಳಿದರೆ ಪಿನ್.

ಬ್ರೇಕ್ ಸಿಂಗಲ್ ಸರ್ಕ್ಯೂಟ್, ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ನಂತರದ ಬೀಟಲ್‌ನ ಡ್ಯುಯಲ್ ಸರ್ಕ್ಯೂಟ್ ಮಾಸ್ಟರ್ ಸಿಲಿಂಡರ್ ಹಾಕಿ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಪೈಪ್ ಎಳೆಯಲೇಬೇಕು, ಇದನ್ನು ಆಮೇಲೆ ಮಾಡೋಣ ಎಂದು ಬಿಡುವಂತಿಲ್ಲ. ವಿದ್ಯುತ್ 6 ವೋಲ್ಟ್. ಪ್ರತಿಕೃತಿಗೆ ಹೇಗೂ ಹೊಸ ವೈರಿಂಗ್ ಹಾಸಬೇಕಾದ್ದರಿಂದ ಅದನ್ನು 12 ವೋಲ್ಟ್‌ಗೇ ಮಾಡಿದರಾಯಿತು.

ಚಕ್ರದ ಬೋಲ್ಟ್ ಸುತ್ತು 5 ಬೋಲ್ಟ್, 205 ಮಿ.ಮೀ. ಮೂಲ 356 ಎ ಮತ್ತು ಬಿ ಕಾರುಗಳದ್ದೂ ಇದೇ ಸುತ್ತು, ಇದೇ 15 ಇಂಚಿನ ಚಕ್ರ. 1968ರ ಮಾದರಿಯಿಂದ ಬೀಟಲ್ 4 ಬೋಲ್ಟ್, 130 ಮಿ.ಮೀ.ಗೆ ಬದಲಾಯಿತು. ನೋಟ ಮೂಲಕ್ಕೆ ಹತ್ತಿರವಿರಬೇಕು ಎನ್ನುವವರಿಗೆ ಇದೊಂದೇ ಕಾರಣ ಹಳೆಯ ಕಾರಿನ ಕಡೆ ತೂಕ ಹೆಚ್ಚಿಸುತ್ತದೆ.

ಉಳಿದದ್ದು ಎಂಜಿನ್. 1200ರದು 34 ಅಶ್ವಶಕ್ತಿ, 100 ಕಿ.ಮೀ. ವೇಗದಲ್ಲಿ ಉಸಿರುಗಟ್ಟುತ್ತದೆ. ಅದರ ಬದಲಿಗೆ ಎಡಿ ಅಕ್ಷರದಿಂದ ಶುರುವಾಗುವ ನಂಬರಿನ 1600 ಎಂಜಿನ್ ತರಬೇಕು: 1584 ಸಿ.ಸಿ., 50 ಅಶ್ವಶಕ್ತಿ, ಪ್ರತಿ ಹೆಡ್‌ಗೆ ಎರಡು ಇನ್‌ಟೇಕ್ ಬಾಯಿ. 1302 ಎಸ್ ಕಾರಿನಲ್ಲಿರುವುದೂ ಇದೇ, ಮಾರುವವರು ಎಂಜಿನ್ ಬಿಡಿಯಾಗಿ ಕೊಡಲು ಒಪ್ಪಿದರೆ ಅದನ್ನೇ ತರಬಹುದು. ಕೊಳ್ಳುವ ಮೊದಲು ಹಿಂದಿನ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೂ ಹಿಂದಕ್ಕೂ ಎಳೆದು ನೋಡಿ. ಕ್ರ್ಯಾಂಕ್‌ನ ಆಟ 0.07ರಿಂದ 0.13 ಮಿ.ಮೀ. ಇರಬೇಕು, ಮಿತಿ 0.15. ಕೈಗೆ ಟಕ್ ಎಂದು ತಗಲುವಷ್ಟು ಆಡಿದರೆ ಆ ಎಂಜಿನ್ ಎಷ್ಟು ಚೆನ್ನಾಗಿ ಚಾಲೂ ಆದರೂ ಕೇಸ್ ಬಿಚ್ಚಬೇಕಾಗುತ್ತದೆ.

12 ವೋಲ್ಟ್ ಎಂಜಿನ್‌ನ ಫ್ಲೈವೀಲ್‌ಗೆ 130 ಹಲ್ಲು, ಹಳೆಯ 6 ವೋಲ್ಟ್‌ನದಕ್ಕೆ 109. ದೊಡ್ಡ ಫ್ಲೈವೀಲ್ ಹಳೆಯ ಬೆಲ್‌ಹೌಸಿಂಗ್ (ಫ್ಲೈವೀಲ್ ಸುತ್ತಲಿನ ಗೇರ್‌ಬಾಕ್ಸ್ ಕವಚ) ಒಳಗೆ ಉಜ್ಜುತ್ತದೆ, ತಗಲುವಲ್ಲಿ ಗ್ರೈಂಡರ್‌ನಿಂದ ಸವೆಸಿ ಜಾಗ ಮಾಡಬೇಕು. ಸ್ಟಾರ್ಟರ್ ಬುಷ್ ಕೂಡ ಬೇರೆ ಅಳತೆಯದು. ಗೇರ್‌ಬಾಕ್ಸ್‌ನ ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಮುನ್ನ ಕೊನೆಯ ಹಲ್ಲುಗಾಲಿಗಳ ಅನುಪಾತ) 4.375, ಎಂಜಿನ್ ಹೆದ್ದಾರಿಯಲ್ಲಿ ಅನಗತ್ಯವಾಗಿ ಕೂಗುತ್ತದೆ. 4.125 ಇರುವ ಸ್ವಿಂಗ್ ಆ್ಯಕ್ಸಲ್ ಗೇರ್‌ಬಾಕ್ಸ್ ಸಿಕ್ಕರೆ ಒಳ್ಳೆಯದು, ಆದರೆ ಅದರ ಉದ್ದನೆಯ ಆ್ಯಕ್ಸಲ್‌ಗಳನ್ನೂ ಹಾಗೇ ತಂದು ಹಾಕಿದರೆ ಟ್ರ್ಯಾಕ್‌ನ ಲಾಭ ಕೈತಪ್ಪುತ್ತದೆ.

ಕತ್ತರಿಸುವ ಕೆಲಸ

ಪ್ಯಾನ್ ಅನ್ನು ಪೂರ್ತಿ ಬರಿದು ಮಾಡಿ. ಪೆಟ್ರೋಲ್ ಟ್ಯಾಂಕ್ ತೆಗೆದಿಡುವುದಷ್ಟೇ ಸಾಲದು, ಟನಲ್ ಒಳಗಿನ ಪೆಟ್ರೋಲ್ ಪೈಪನ್ನೂ ಖಾಲಿ ಮಾಡಿ ಗಾಳಿ ಊದಿ ಒಣಗಿಸಬೇಕು. ಸಮತಟ್ಟಾದ ಉಕ್ಕಿನ ಚೌಕಟ್ಟಿನ ಮೇಲೆ ಮುಂದಿನ ಮೂತಿಯನ್ನೂ ಹಿಂದಿನ ಅಡ್ಡ ಕೊಳವೆಯನ್ನೂ ಬೋಲ್ಟ್ ಮಾಡಿ ಬಿಗಿದ ಮೇಲೆಯೇ ಗುರುತು ಹಾಕಿ. ತೆಗೆಯುವ ತುಂಡು ಹ್ಯಾಂಡ್‌ಬ್ರೇಕ್‌ಗಿಂತ ಹಿಂದೆ, ಸೀಟಿನಡಿಯ ಗೇರ್ ಕಪ್ಲರ್ ಮುಚ್ಚಳ ಮತ್ತು ಚಾಸಿ ನಂಬರಿಗಿಂತ ಮುಂದೆ ಬರಬೇಕು. ಟನಲ್‌ನ ಮೇಲ್ಭಾಗವನ್ನೂ ಬದಿಗಳನ್ನೂ ಒಂದೇ ಗೆರೆಯಲ್ಲಿ ಕತ್ತರಿಸದೆ ಮೆಟ್ಟಿಲಿನಂತೆ ಹಿಂದೆ ಮುಂದೆ ಮಾಡಿ, ಸೇರುವಲ್ಲಿ ಒಳಗಿನಿಂದ ಪಟ್ಟಿ ಕೊಟ್ಟರೆ ಒತ್ತಡ ಒಂದೇ ಬೆಸುಗೆಯ ಮೇಲೆ ಬೀಳುವುದಿಲ್ಲ.

ಟನಲ್ ಒಳಗೆ ಕ್ಲಚ್, ಆ್ಯಕ್ಸಿಲರೇಟರ್, ಹ್ಯಾಂಡ್‌ಬ್ರೇಕ್, ಹೀಟರ್ ಕೇಬಲ್‌ಗಳ ಕೊಳವೆಗಳೂ ಪೆಟ್ರೋಲ್ ಪೈಪೂ ಗೇರ್ ರಾಡೂ ಇವೆ. ಕೊಳವೆಗಳನ್ನು ತುದಿಗೆ ತುದಿ ಇಟ್ಟು ಬೆಸೆದರೆ ಒಳಗೆ ಲೋಹದ ಗಂಟು ಉಳಿದು ಕೇಬಲ್ ಉಜ್ಜಿ ತುಂಡಾಗುತ್ತದೆ. ತುಸು ದೊಡ್ಡ ಕೊಳವೆಯ ತುಂಡನ್ನು ಹೊರಗಿನಿಂದ ತೊಡಿಸಿ ಕೂಡಿಸಿ, ಮುಚ್ಚುವ ಮೊದಲು ಪ್ರತಿಯೊಂದರಲ್ಲೂ ಕೇಬಲ್ ಹಾಯಿಸಿ ನೋಡಿ. ಗೇರ್ ರಾಡ್‌ನಿಂದಲೂ 295 ಮಿ.ಮೀ. ತೆಗೆಯಬೇಕು. ಎರಡು ತುದಿಗಳ ಕೋನ ತಿರುಗದಂತೆ ಕತ್ತರಿಸುವ ಮುನ್ನವೇ ಉದ್ದಕ್ಕೂ ಒಂದು ಗೆರೆ ಎಳೆದುಕೊಳ್ಳಿ. ಕೋನ ತಪ್ಪಿದರೆ ಎರಡನೇ ಗೇರ್ ಅಥವಾ ರಿವರ್ಸ್ ಬೀಳುವುದೇ ಇಲ್ಲ.

ಬೆಸುಗೆಯನ್ನು 25 ಮಿ.ಮೀ. ತುಂಡುಗಳಲ್ಲಿ, ಎಡಕ್ಕೊಂದು ಬಲಕ್ಕೊಂದು ಹಾಕುತ್ತ, ನಡುವೆ ತಣಿಯಲು ಬಿಡಿ. ಒಂದೇ ಸಮನೆ ಎಳೆದರೆ ಟನಲ್ ಬೆಸುಗೆಯ ಕಡೆಗೆ ಬಾಗುತ್ತದೆ. ಮೂತಿಯ ಬೋಲ್ಟ್‌ನಿಂದ ಹಿಂದಿನ ಕೊಳವೆಯ ಎದುರು ತುದಿಗೆ ಎರಡೂ ಕರ್ಣ ಅಳೆದು, 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲಿಯೇ ನಿಲ್ಲಿಸಿ ಸರಿಪಡಿಸಿ. ಜೋಡಿಸುವಾಗ ಕ್ಲಚ್ ಕೇಬಲ್‌ನ ಹಿಂದಿನ ಬೌಡನ್ ಕೊಳವೆಗೆ (ಕೇಬಲ್‌ನ ಬಾಗುವ ಹೊರ ಕವಚಕ್ಕೆ) 25ರಿಂದ 45 ಮಿ.ಮೀ. ಬಾಗು ಇರಲಿ. ಕುಗ್ಗಿಸಿದ ಕಾರುಗಳಲ್ಲಿ ಕ್ಲಚ್ ಅದುರುತ್ತದೆ ಎಂಬ ದೂರಿಗೆ ಎಷ್ಟೋ ಸಲ ಈ ಬಾಗು ತಪ್ಪಿದ್ದೇ ಕಾರಣ.

ಹಿಂಭಾಗದ ಎತ್ತರ ಮತ್ತು ಎಂಜಿನ್‌ನ ಗಾಳಿ

ಫೈಬರ್ ಬಾಡಿ ಹಗುರ. ಬೀಟಲ್‌ನ ಭಾರಕ್ಕೆ ಹೊಂದಿಸಿದ ಟಾರ್ಷನ್ ಬಾರ್ ಹಾಗೇ ಇದ್ದರೆ ಹಿಂಭಾಗ ಎತ್ತರವಾಗಿ ನಿಲ್ಲುತ್ತದೆ, ಚಕ್ರಗಳ ಬುಡ ಒಳಗೆ ಸೇರುತ್ತದೆ. ನೋಡಲು ಕೆಟ್ಟದಾಗಿ ಕಾಣುವುದು ಇರಲಿ, ನಿಜವಾದ ಅಪಾಯ ತಿರುವಿನಲ್ಲಿ. ವೇಗದಲ್ಲಿ ಆ್ಯಕ್ಸಿಲರೇಟರ್ ಮೇಲಿನ ಕಾಲು ತೆಗೆದರೆ ಹಿಂಭಾಗ ಮೇಲೆದ್ದು ಹೊರ ಚಕ್ರ ಇನ್ನಷ್ಟು ಒಳಗೆ ಮಡಚಿಕೊಂಡು ಕಾರು ತಿರುಗಿಬಿಡುತ್ತದೆ. ವೀಲ್‌ಬೇಸ್ ಕುಗ್ಗಿದ್ದರಿಂದ ಸರಿಪಡಿಸಿಕೊಳ್ಳಲು ಸಿಗುವ ಸಮಯವೂ ಕಡಿಮೆ. ಹಾಗಾಗಿ ಬಾಡಿ, ಸೀಟು, ಪೆಟ್ರೋಲ್ ಎಲ್ಲ ಸೇರಿದ ಮೇಲೆ ಟಾರ್ಷನ್ ಬಾರ್ ಮತ್ತೆ ಹೊಂದಿಸಬೇಕು. ಬಾರ್‌ನ ಒಳ ತುದಿಗೆ 40 ಹಲ್ಲು, ಹೊರ ತುದಿಗೆ 44. ಒಳಗಡೆ ಒಂದು ಹಲ್ಲು 9 ಡಿಗ್ರಿ, ಹೊರಗಡೆ ಒಂದು ಹಲ್ಲು 8 ಡಿಗ್ರಿ 10 ನಿಮಿಷ. ಒಂದನ್ನು ಒಂದು ದಿಕ್ಕಿಗೂ ಇನ್ನೊಂದನ್ನು ಎದುರು ದಿಕ್ಕಿಗೂ ಒಂದೊಂದು ಹಲ್ಲು ಸರಿಸಿದರೆ 50 ನಿಮಿಷದಷ್ಟು ಸಣ್ಣ ಬದಲಾವಣೆ ಸಿಗುತ್ತದೆ, ಚಕ್ರದ ಬಳಿ ಸುಮಾರು 6 ಮಿ.ಮೀ. ಇಬ್ಬರು ಕೂತಾಗ ಹಿಂದಿನ ಕ್ಯಾಂಬರ್ ಸುಮಾರು 1 ಡಿಗ್ರಿ ನೆಗೆಟಿವ್ (ಚಕ್ರದ ತಲೆ ಒಳಗೆ ವಾಲಿ) ಬರುವಂತೆ ಮಾಡಿ, ಎರಡು ಆ್ಯಕ್ಸಲ್ ಕೊಳವೆಗಳ ಕೆಳಗೆ ಚಕ್ರ ಒಳಗೆ ಮಡಚದಂತೆ ತಡೆಯುವ ಕ್ಯಾಂಬರ್ ಕಾಂಪೆನ್ಸೇಟರ್ ಪಟ್ಟಿ ಹಾಕಿ. ಹೊಂದಿಸುವಾಗ ಟಾರ್ಷನ್ ಬಾರ್‌ನ್ನು ಆ್ಯಕ್ಸಲ್‌ಗೆ ಸೇರಿಸುವ ಸ್ಪ್ರಿಂಗ್ ಪ್ಲೇಟ್‌ನಲ್ಲಿ ಬಹಳ ಬಲ ತುಂಬಿರುತ್ತದೆ. ಜಾಕ್ ಆಧಾರವಿಲ್ಲದೆ ಅದನ್ನು ತಡೆಗಟ್ಟೆಯಿಂದ ಜಾರಿಸಬೇಡಿ, ಎದುರಿಗೆ ಕಾಲಿಟ್ಟು ಕೂರಲೂ ಬೇಡಿ.

ಬೀಟಲ್‌ನಲ್ಲಿ ಎಂಜಿನ್ ಸುತ್ತಲಿನ ತಗಡುಗಳು ಬಾಡಿಯ ಅಂಚಿಗೆ ರಬ್ಬರ್ ಪಟ್ಟಿಯಿಂದ ಸೇರಿಕೊಂಡು, ಮೇಲಿನ ತಣ್ಣನೆ ಗಾಳಿಯನ್ನೂ ಕೆಳಗಿನ ಬಿಸಿ ಗಾಳಿಯನ್ನೂ ಬೇರೆಯಾಗಿಡುತ್ತವೆ. ಫೈಬರ್ ಬಾಡಿಗಳಲ್ಲಿ ಆ ಅಂಚು ಎಷ್ಟೋ ಸಲ ಇರುವುದಿಲ್ಲ. ಎಕ್ಸಾಸ್ಟ್ ಕಡೆಯ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಂಡು ಎಂಜಿನ್ ಬೇಯುತ್ತದೆ. ಎಂಜಿನ್ ಕೂರಿಸುವ ಮುನ್ನ ಸುತ್ತಲೂ ಅಲ್ಯೂಮಿನಿಯಂ ಅಂಚು ರಿವೆಟ್ ಮಾಡಿ ರಬ್ಬರ್ ಪಟ್ಟಿಗೆ ಜಾಗ ಮಾಡಿಕೊಳ್ಳಿ. ಬೆಳಕಿನ ಪರೀಕ್ಷೆ ಸರಳ: ಕೆಳಗೆ ದೀಪ ಹಿಡಿದು ಮೇಲಿನಿಂದ ನೋಡಿದಾಗ ಎಲ್ಲೂ ಬೆಳಕು ತೂರಬಾರದು.

ಈ ಬಾಡಿಯ ಹಿಂದಿನ ಕಮಾನು 1540ರ ಬದಲು 1580 ಇದ್ದಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತು. ಆಗ ಮೂರನೆಯ ಕಾರಿಗೂ ಹಿಂದೆ ಬದಿಗೆ 32 ಮಿ.ಮೀ. ಸಿಗುತ್ತಿತ್ತು, ಡಿಸ್ಕ್ ಬ್ರೇಕ್, ಡ್ಯುಯಲ್ ಸರ್ಕ್ಯೂಟ್, 12 ವೋಲ್ಟ್, 130 ಹಲ್ಲಿನ ಫ್ಲೈವೀಲ್‌ಗೆ ಹೊಂದುವ ಬೆಲ್‌ಹೌಸಿಂಗ್, 4.125 ಫೈನಲ್ ಡ್ರೈವ್ ಎಲ್ಲ ಜೊತೆಗೇ ಬರುತ್ತಿದ್ದವು. ಬೇಕಾದರೆ ಟಾರ್ಷನ್ ಕೊಳವೆಗೆ ಬ್ರಾಕೆಟ್ ಬೆಸೆದು ಅದನ್ನು ಸಿ.ವಿ. ಜಾಯಿಂಟ್ ಬಗೆಗೆ ಬದಲಾಯಿಸಲೂ ಬಹುದಿತ್ತು. ಹಾಗೆ ಬದಲಾಯಿಸುವ ಯೋಚನೆ ಇದ್ದರೆ ಬ್ರಾಕೆಟ್ ಬೆಸುಗೆಯನ್ನು ಪ್ಯಾನ್ ಚೌಕಟ್ಟಿನ ಮೇಲೆ ಬಿಗಿದಿರುವಾಗಲೇ ಮುಗಿಸಬೇಕು, ಕೆಳಗಿಳಿಸಿದ ಮೇಲೆ ಎರಡೂ ಬದಿಯನ್ನು ಒಂದೇ ಕೋನಕ್ಕೆ ತರಲು ಆಧಾರವೇ ಸಿಗುವುದಿಲ್ಲ.